ರಫ್ತು ಹೆಚ್ಚಿದರೆ ದೇಶ ಬೆಳೆಯುತ್ತದೆಯೇ?

ಅಭಿವೃದ್ಧಿಶೀಲ ದೇಶಗಳ ಅಂಕಿಅಂಶ ತೆಗೆದು ನೋಡಿದರೆ ರಫ್ತು ಜೋರಾಗಿ ಏರಿದ ಕಡೆ ಸಾಮಾನ್ಯವಾಗಿ ಜಿಡಿಪಿಯೂ ಏರಿರುತ್ತದೆ. ಇಲ್ಲೇ ನಿಂತು ಉತ್ತರ ಬರೆದುಬಿಡಬೇಡಿ. ಜಿಡಿಪಿ ಎಂದರೆ ಬಳಕೆ + ಹೂಡಿಕೆ + ಸರ್ಕಾರಿ ವೆಚ್ಚ + (ರಫ್ತು − ಆಮದು). ರಫ್ತು ಈ ಮೊತ್ತದೊಳಗೇ ಇದೆ. ಹಾಗಾಗಿ ಎರಡೂ ಒಟ್ಟಿಗೆ ಏರಿದ್ದರಲ್ಲಿ ಒಂದು ಪಾಲು ಬರೀ ಲೆಕ್ಕದ ಫಲ.

ಆವರಣದೊಳಗಿನ ಕಳೆಯುವ ಚಿಹ್ನೆಯನ್ನೂ ಗಮನಿಸಿ. ಒಂದು ಅಂಗಿ 10 ಡಾಲರ್‌ಗೆ ರಫ್ತಾಗುತ್ತದೆ, ಅದರ ಬಟ್ಟೆ, ಗುಂಡಿ, ಜಿಪ್‌ಗೆ 6 ಡಾಲರ್ ಆಮದು ಆಗಿದೆ ಎಂದಿಟ್ಟುಕೊಳ್ಳಿ. ರಫ್ತಿನ ಪಟ್ಟಿಯಲ್ಲಿ 10 ಕಾಣುತ್ತದೆ, ದೇಶದಲ್ಲಿ ಉಳಿದದ್ದು 4. ಮುಂದೆ ಬಟ್ಟೆಯನ್ನೂ ಒಳಗೇ ನೇಯತೊಡಗಿದರೆ ರಫ್ತಿನ ಅಂಕಿ ಒಂದಿಷ್ಟೂ ಬದಲಾಗದೆ ಆದಾಯ ಮಾತ್ರ ಹೆಚ್ಚುತ್ತದೆ. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಇದು: ಎಷ್ಟು ಹೊರಗೆ ಹೋಯಿತು ಎನ್ನುವುದಕ್ಕಿಂತ ಒಳಗೆ ಏನು ಉಳಿಯಿತು ಎಂದು ಕೇಳಬೇಕು.

ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೊಂದು ತೊಡಕು. ಉತ್ಪಾದಕತೆ ಹೆಚ್ಚಿದ ದೇಶ ತಾನಾಗಿಯೇ ಹೆಚ್ಚು ರಫ್ತು ಮಾಡಬಹುದಲ್ಲ? ಅರ್ಥಶಾಸ್ತ್ರಜ್ಞರಾದ ಜಂಗ್ ಮತ್ತು ಮಾರ್ಷಲ್ 1985ರಲ್ಲಿ 37 ಅಭಿವೃದ್ಧಿಶೀಲ ದೇಶಗಳ ಅಂಕಿಗಳಿಗೆ ಗ್ರ್ಯಾಂಜರ್ ಪರೀಕ್ಷೆ ಎಂಬ ಸಂಖ್ಯಾಶಾಸ್ತ್ರದ ವಿಧಾನ ಹಚ್ಚಿದಾಗ, ರಫ್ತೇ ಬೆಳವಣಿಗೆಗೆ ದಾರಿ ಎಂಬ ವಾದಕ್ಕೆ ಬೆಂಬಲ ಸಿಕ್ಕಿದ್ದು ನಾಲ್ಕೇ ದೇಶಗಳಲ್ಲಿ. ಎಲ್ಲರೂ ಉದಾಹರಣೆ ಕೊಡುವ ದಕ್ಷಿಣ ಕೊರಿಯಾ ಆ ನಾಲ್ಕರಲ್ಲಿ ಇರಲಿಲ್ಲ! ಆದರೆ ಗ್ರ್ಯಾಂಜರ್ ಪರೀಕ್ಷೆ ಹೇಳುವುದು ಒಂದರ ಹಿಂದಿನ ಅಂಕಿಗಳು ಇನ್ನೊಂದನ್ನು ಊಹಿಸಲು ನೆರವಾಗುತ್ತವೆಯೇ ಎಂಬುದನ್ನಷ್ಟೇ. ಅದನ್ನೇ ಕೊನೆಯ ತೀರ್ಪು ಅಂದುಕೊಳ್ಳಬಾರದು.

ಕೊರಿಯಾದ ಕಥೆಯನ್ನೇ ನೋಡಿ. 1964ರಲ್ಲಿ ಅಲ್ಲಿನ ಕರೆನ್ಸಿ ವೊನ್‌ನ ಬೆಲೆ ಇಳಿಸಲಾಯಿತು. ಡಾಲರ್‌ಗೆ 130 ಇದ್ದದ್ದು 255ರ ಸುತ್ತ ಬಂತು. ರಫ್ತುದಾರರಿಗೆ ಅಗ್ಗದ ಸಾಲ ಸಿಕ್ಕಿತು, ರಫ್ತಿಗೆ ಬೇಕಾದ ಕಚ್ಚಾ ಸಾಮಗ್ರಿಗೆ ಸುಂಕ ವಿನಾಯಿತಿಯೂ ಸಿಕ್ಕಿತು. ಆ ವರ್ಷ ಸುಮಾರು 10 ಕೋಟಿ ಡಾಲರ್ ಇದ್ದ ರಫ್ತು 1977ಕ್ಕೆ 1,000 ಕೋಟಿ ಮುಟ್ಟಿತು. ಗಳಿಸಿದ ಡಾಲರ್‌ನಿಂದ ಯಂತ್ರ ತರಿಸಿಕೊಂಡರು. ಬಡ ದೇಶಕ್ಕೆ ರಫ್ತಿನ ದೊಡ್ಡ ಉಪಯೋಗ ಬಹುಶಃ ಇದೇ, ಏಕೆಂದರೆ ಯಂತ್ರ ಮಾರುವವರು ಸ್ಥಳೀಯ ನೋಟು ತೆಗೆದುಕೊಳ್ಳುವುದಿಲ್ಲ.

ರಫ್ತಿನಿಂದ ಕೌಶಲವೂ ಒಳಗೆ ಉಳಿಯುತ್ತದೆ ಎಂಬುದಕ್ಕೆ ಬಾಂಗ್ಲಾದೇಶವನ್ನು ನೋಡಬೇಕು. ಅಲ್ಲಿನ ದೇಶ್ ಗಾರ್ಮೆಂಟ್ಸ್ ಕೊರಿಯಾದ ಡೇವೂ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು 1979ರಲ್ಲಿ ಸುಮಾರು 130 ಜನರನ್ನು ತರಬೇತಿಗೆ ಕಳಿಸಿತು. ಅವರಲ್ಲಿ ಬಹುತೇಕರು ಮುಂದೆ ಕೆಲಸ ಬಿಟ್ಟು ಬೇರೆ ಕಾರ್ಖಾನೆ ಸೇರಿದರು, ಕೆಲವರು ತಮ್ಮದೇ ಶುರು ಮಾಡಿದರು. ಕಂಪನಿಗೆ ನಷ್ಟ, ದೇಶಕ್ಕೆ ಲಾಭ. ಪಠ್ಯದಲ್ಲಿ ಬರುವ 'ಬಾಹ್ಯ ಪರಿಣಾಮ'ಕ್ಕೆ, ಅಂದರೆ ಒಬ್ಬರು ಮಾಡಿದ್ದರ ಫಲ ಬೇರೆಯವರಿಗೆ ತಟ್ಟುವುದಕ್ಕೆ, ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಈಗ ಆ ದೇಶದ ಸರಕು ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಸಿದ್ಧ ಉಡುಪೇ. ಅದು ಸಾಧನೆಯೂ ಹೌದು, ಅಪಾಯವೂ ಹೌದು.

ಒಂದೇ ಸರಕನ್ನು ನೆಚ್ಚಿಕೊಳ್ಳುವುದು ಅಪಾಯ ಯಾಕೆ ಎಂದು ತಿಳಿಯಲು ಆಫ್ರಿಕಾದ ಜಾಂಬಿಯಾವನ್ನು ನೋಡಿ. ತಾಮ್ರವನ್ನೇ ನಂಬಿದ್ದ ಆ ದೇಶಕ್ಕೆ 1975ರಲ್ಲಿ ತಾಮ್ರದ ಬೆಲೆ ಕುಸಿದಾಗ ಆಮದಿಗೂ ಡಾಲರ್ ಸಾಲದಾಯಿತು, ಸರ್ಕಾರದ ವರಮಾನವೂ ಬತ್ತಿತು. ಕಚ್ಚಾ ಸರಕು ಮಾರುವವರಿಗೆ ಕಾಲಕ್ರಮೇಣ ವ್ಯಾಪಾರದ ಷರತ್ತುಗಳೇ (ಆಮದಿನ ಬೆಲೆಗೆ ಹೋಲಿಸಿದರೆ ರಫ್ತಿಗೆ ಸಿಗುವ ಬೆಲೆ) ಪ್ರತಿಕೂಲವಾಗುತ್ತವೆ ಎಂದು ಅರ್ಥಶಾಸ್ತ್ರಜ್ಞರಾದ ಪ್ರೆಬಿಶ್ ಮತ್ತು ಸಿಂಗರ್ 1950ರಲ್ಲೇ ವಾದಿಸಿದ್ದರು. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1958ರಲ್ಲಿ ಇನ್ನೂ ಮುಂದೆ ಹೋದರು: ದೊಡ್ಡ ರಫ್ತುದಾರ ದೇಶವೊಂದು ಉತ್ಪಾದನೆ ಹೆಚ್ಚಿಸಿ ವಿಶ್ವ ಬೆಲೆಯನ್ನು ತಾನೇ ಸಾಕಷ್ಟು ಕೆಡವಿದರೆ, ಹೆಚ್ಚು ಮಾರಿಯೂ ಮೊದಲಿಗಿಂತ ಬಡವಾಗಬಹುದು.