ಖುಷಿಯ ಓದಿಗೆ ಒಂದು ರ‍್ಯಾಕ್

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಖುಷಿಗಾಗಿ ಓದುವ ಪುಸ್ತಕಗಳೇ ಇಲ್ಲ ಎಂಬ ದೂರು ಅರ್ಧ ನಿಜ. ಎಷ್ಟೋ ಕಡೆ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣ ಕಾದಂಬರಿಯನ್ನು ಅದರ ಮೂಲ ಭಾಷೆಯ ಜೊತೆ ಕೂರಿಸುತ್ತದೆ. ಇಂಗ್ಲಿಷಿನದು 823, ರಷ್ಯನ್ನಿನಿಂದ ಅನುವಾದವಾದದ್ದು 891.73. ಕಾಮಿಕ್ಸ್ ಅಂತೂ 741.5ರಲ್ಲಿ, ಚಿತ್ರಕಲೆಯ ಪಕ್ಕ. ಸಂಶೋಧಕರಿಗೆ ಈ ಕ್ರಮ ಸರಿಯೇ. ಪರೀಕ್ಷೆ ಮುಗಿಸಿ ಬಂದು ‘ಯಾವುದಾದರೂ ಪತ್ತೇದಾರಿ ಕೊಡಿ’ ಎನ್ನುವವರಿಗೆ ಮಾತ್ರ ಇದು ಸುಮ್ಮನೆ ಅಲೆದಾಟ.

ಆದ್ದರಿಂದ ಖರೀದಿಗೆ ಮೊದಲು ಇರುವುದನ್ನೇ ಆರಿಸಿ. ಇನ್ನೂರು ಪುಸ್ತಕಗಳಷ್ಟನ್ನು ಇಶ್ಯೂ ಕೌಂಟರಿನ ಹತ್ತಿರದ ಒಂದು ರ‍್ಯಾಕಿಗೆ ತಂದರೆ ಆರಂಭಕ್ಕೆ ಸಾಕು. ಕಾಲ್ ನಂಬರ್, ಅಂದರೆ ಪುಸ್ತಕದ ಜಾಗ ಹೇಳುವ ವರ್ಗೀಕರಣ ಸಂಖ್ಯೆ, ಮುಟ್ಟಬೇಡಿ. ಕ್ಯಾಟಲಾಗಿನಲ್ಲಿ ಸ್ಥಳದ ಕೋಡ್ ಬದಲಿಸಿ, ಪುಸ್ತಕದ ಬೆನ್ನಿಗೆ ಬಣ್ಣದ ಚುಕ್ಕಿ ಅಂಟಿಸಿ. ಕೋಡ್ ಬದಲಿಸದೆ ಪುಸ್ತಕ ಮಾತ್ರ ಸರಿಸಿದರೆ, ಕ್ಯಾಟಲಾಗ್ ನಂಬಿ ಹುಡುಕಿದವರು ಬರಿಗೈಲಿ ಮರಳುತ್ತಾರೆ. ರಿಟರ್ನ್ ಆದ ಪುಸ್ತಕವೂ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ.

90 ಸೆಂ.ಮೀ. ಹಲಗೆಯಲ್ಲಿ ಬೆನ್ನು ತೋರಿಸಿ ನಿಲ್ಲಿಸಿದರೆ ಮೂವತ್ತರಷ್ಟು ಪೇಪರ್‌ಬ್ಯಾಕ್ ಹಿಡಿಯುತ್ತವೆ, ಮುಖ ತೋರಿಸಿದರೆ ಐದಾರೇ. ಆದರೂ ಕಣ್ಣಿನ ಎತ್ತರದ ಹಲಗೆಯನ್ನು ಮುಖಕ್ಕೇ ಬಿಟ್ಟುಕೊಡಿ, ಖಾಲಿಯಾದ ಜಾಗ ಪ್ರತಿದಿನ ತುಂಬಿ. ಹಲ್ಲು ಬಿದ್ದ ಬಾಯಿಯಂತಿರುವ ಹಲಗೆಯ ಹತ್ತಿರ ಯಾರೂ ನಿಲ್ಲುವುದಿಲ್ಲ.

ಸರಣಿ ಕೊಂಡರೆ ಪೂರ್ತಿ ಕೊಳ್ಳಿ. ಮೂರನೆಯ ಭಾಗ ಕಳೆದುಹೋದ ದಿನವೇ ನಾಲ್ಕನೆಯದರ ಓಡಾಟವೂ ನಿಲ್ಲುತ್ತದೆ. ಹೊಸ ಕಾದಂಬರಿಗಿಂತ ಮೊದಲು ಆ ಪ್ರತಿಗೆ ಹಣ ಕೊಡಿ. ಅಂಟಿನ ಬೈಂಡಿಂಗ್ ಬಿಚ್ಚಿಕೊಂಡ ಅಗ್ಗದ ಪ್ರತಿಯನ್ನು ಮತ್ತೆ ಬೈಂಡ್ ಮಾಡಿಸುವುದು, ನನ್ನ ಮಟ್ಟಿಗೆ, ದಂಡದ ಖರ್ಚು. ಇನ್ನೊಂದು ಪ್ರತಿ ತರಿಸಿ.

ಇ-ಪುಸ್ತಕದ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಕೊಳ್ಳುವುದು ಪುಸ್ತಕವನ್ನಲ್ಲ, ಲೈಸೆನ್ಸನ್ನು. ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ 2011ರಲ್ಲಿ 26 ಎರವಲಿನ ಮಿತಿ ಹಾಕಿತು: ಅಷ್ಟು ಸಲ ಕೊಟ್ಟ ಮೇಲೆ ಮತ್ತೆ ಕೊಳ್ಳಬೇಕು. ಎರವಲಿನ ಸಂಖ್ಯೆಗೋ ತಿಂಗಳುಗಳಿಗೋ ಮಿತಿ ಇರುವ ಲೈಸೆನ್ಸುಗಳ ನವೀಕರಣಕ್ಕೆ ಬಜೆಟ್ಟಿನಲ್ಲಿ ಬೇರೆ ಸಾಲು ಇಡದಿದ್ದರೆ, ಜನಪ್ರಿಯ ಪುಸ್ತಕಗಳೇ ಮೊದಲು ಮಾಯವಾಗುತ್ತವೆ. ಸಿನಿಮಾ ಡಿವಿಡಿ ಎರವಲು ಕೊಡುವುದು ಬೇರೆ, ಅದನ್ನೇ ಸಭಾಂಗಣದಲ್ಲಿ ತೋರಿಸುವುದು ಬೇರೆ; ಎರಡನೆಯದಕ್ಕೆ ಬಹುತೇಕ ದೇಶಗಳಲ್ಲಿ ಪ್ರತ್ಯೇಕ ಅನುಮತಿ ಬೇಕು. ವೈಯಕ್ತಿಕ ಸ್ಟ್ರೀಮಿಂಗ್ ಖಾತೆಯ ಪಾಸ್‌ವರ್ಡ್ ಹಂಚುವ ಯೋಚನೆಯಂತೂ ಬೇಡವೇ ಬೇಡ.

ಬೋರ್ಡ್ ಗೇಮ್ ಇಟ್ಟರೆ ಪ್ರತಿ ರಿಟರ್ನಿಗೂ ಬಿಲ್ಲೆ, ದಾಳ, ಕಾರ್ಡು ಎಣಿಸುತ್ತ ಕೂರಲಾಗದು. ಎಲ್ಲ ತುಂಬಿದ ಪೆಟ್ಟಿಗೆಯನ್ನು ಒಮ್ಮೆ ತೂಗಿ, ಆ ಗ್ರಾಂ ಲೆಕ್ಕವನ್ನು ಮುಚ್ಚಳದ ಒಳಬದಿಗೆ ಬರೆಯಿರಿ. ವಾಪಸ್ ಬಂದಾಗ ತೂಕ ತಾಳೆಯಾಗದಿದ್ದರೆ ಮಾತ್ರ ಬಿಚ್ಚಿ ಎಣಿಸಿ. ಒಂದೇ ಒಂದು ಕಾರ್ಡು ಕಳೆದರೆ ತಕ್ಕಡಿಗೂ ಗೊತ್ತಾಗದಿರಬಹುದು. ದಾಳ ಕಳೆದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ವರ್ಷವಿಡೀ ಇಶ್ಯೂ ಆಗದ ಪುಸ್ತಕವನ್ನು ಸ್ಟ್ಯಾಕಿಗೆ, ಅಂದರೆ ಅದರ ಹಳೆಯ ಕಪಾಟಿಗೆ, ವಾಪಸ್ ಕಳಿಸಿ. ಕಾಲ್ ನಂಬರ್ ಹಾಗೇ ಇರುವುದರಿಂದ ಚುಕ್ಕಿ ಕಿತ್ತು ಕೋಡ್ ಬದಲಿಸಿದರೆ ಆಯಿತು.