ಸಂಧಿ: ಲೋಪ ಇಲ್ಲ, ಆಗಮ ಇಲ್ಲ

"ಕರೆಂಟ್ ಯಾವಾಗ್ಲೂ ರೆಸಿಸ್ಟೆನ್ಸ್ (ತಡೆ) ಕಮ್ಮಿ ಇರೋ ದಾರೀಲೇ ಹೋಗುತ್ತೆ." ಈ ವಾರ ಇದನ್ನ ಮೂರನೇ ಸಲ ಓದಿದೆ, ಅದೂ ಸರ್ಕ್ಯೂಟಲ್ಲಿ ವೈರುಗಳು ಕೂಡೋ ಜಾಗ, ಅಂದ್ರೆ ಜಂಕ್ಷನ್, ಅಂದ್ರೇನು ಅಂತ ವಿವರಿಸೋಕೆ ಹೊರಟೋರ ಬರಹದಲ್ಲಿ. ಇನ್ನು ಸುಮ್ನಿರೋಕಾಗಲ್ಲ.

ಮೊದ್ಲು ಪದದ ವಿಷಯ. ಲ್ಯಾಟಿನ್‌ನ ಯುಂಗೆರೆ, ಅಂದ್ರೆ ಕೂಡಿಸು, ಅದರಿಂದ ಬಂದಿದ್ದು ಜಂಕ್ಷನ್, ಸಂಸ್ಕೃತದ ಯುಜ್, ಯೋಗ ಎಲ್ಲಾ ಅದೇ ಬಳಗ. ಕನ್ನಡದಲ್ಲಿ ಸಂಧಿ ಅಂದ್ರೂ ಕೂಡೋದೇ. ಆದ್ರೆ ವ್ಯಾಕರಣದ ಸಂಧಿ ನೆನಪಿದ್ಯಲ್ಲ, ಊರು ಮತ್ತು ಅಲ್ಲಿ ಸೇರಿ "ಊರಲ್ಲಿ" ಆಗೋವಾಗ ಒಂದು ಉಕಾರ ಬಿದ್ದುಹೋಗುತ್ತೆ, ಮನೆ ಮತ್ತು ಅಲ್ಲಿ ಸೇರಿ "ಮನೆಯಲ್ಲಿ" ಆಗೋವಾಗ ಎಲ್ಲೂ ಇಲ್ದಿದ್ದ ಯಕಾರ ಬಂದು ಕೂರುತ್ತೆ. ಸರ್ಕ್ಯೂಟಿನ ಸಂಧೀಲಿ ಇವೆರಡೂ ನಡೆಯಲ್ಲ. ಒಳಗೆ ಬಂದ ಕರೆಂಟೆಲ್ಲಾ ಕೂಡಿದ್ರೆ ಎಷ್ಟೋ, ಹೊರಗೆ ಹೋಗಿದ್ದೆಲ್ಲಾ ಕೂಡಿದ್ರೂ ಅಷ್ಟೇ. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಜರ್ಮನ್ ಭೌತವಿಜ್ಞಾನಿ ಗುಸ್ತಾವ್ ಕಿರ್ಚಾಫ್ ಕೊಟ್ಟ ನಿಯಮ ಇದೇ. ಚಾರ್ಜ್, ಅಂದ್ರೆ ಹರಿದಾಗ ಕರೆಂಟ್ ಅನ್ನಿಸ್ಕೊಳ್ಳೋ ವಿದ್ಯುದಂಶ, ಹುಟ್ಟಲ್ಲ, ಸಾಯಲ್ಲ, ಸಂಧೀಲಿ ಗುಡ್ಡೆ ಬೀಳೋಕೂ ಆಗಲ್ಲ, ಯಾಕಂದ್ರೆ ಒಂಚೂರು ಜಾಸ್ತಿ ಸೇರಿದ್ರೂ ಅದೇ ಹಿಂದಿಂದ ಬರೋದನ್ನ ತಡೆದು ಮುಂದಿರೋದನ್ನ ತಳ್ಳಿ ಕ್ಷಣದೊಳಗೆ ಸರಿಮಾಡಿಬಿಡುತ್ತೆ.

ಈಗ ಆ "ಕಮ್ಮಿ ದಾರಿ". ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ಸರ್ಕ್ಯೂಟ್ ಜೋಡಿಸೋ ತೂತಿನ ಹಲಗೆ) ಮೇಲೆ 9 ವೋಲ್ಟಿನ ಬ್ಯಾಟರಿಗೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ (ತಡೆ ಕೊಡೋ ಬಿಡಿಭಾಗ) ಅಕ್ಕಪಕ್ಕ, ಅಂದ್ರೆ ಪ್ಯಾರಲಲ್ ಆಗಿ ಹಾಕಿ ನೋಡಿ. ಮೊದಲನೇದ್ರಲ್ಲಿ 9 ಮಿಲಿಆಂಪ್, ಎರಡನೇದ್ರಲ್ಲಿ 4.5. ಎರಡನೇದು ಖಾಲಿ ಕೂತಿಲ್ಲ ಸ್ವಾಮಿ! ಕಮ್ಮಿ ಇರೋ ಕಡೆ ಜಾಸ್ತಿ ಹೋಗುತ್ತೆ, ಅಷ್ಟೇ, ಪೂರ್ತಿ ಹೋಗಲ್ಲ. 2 ತೆಗೆದು 9 ಕಿಲೋಓಮ್ ಹಾಕಿದ್ರೂ ಅದರಲ್ಲಿ 1 ಮಿಲಿಆಂಪ್ ಹರೀತಾನೇ ಇರುತ್ತೆ.

ಇನ್ನೊಂದು ತಪ್ಪು ಇದಕ್ಕಿಂತ ಹಠಮಾರಿ. ಮೂರನೇ ಕವಲು ಸೇರಿಸಿದ್ರೆ ಇದ್ದ 13.5 ಮಿಲಿಆಂಪನ್ನೇ ಮೂವರೂ ಹಂಚ್ಕೋತಾರೆ ಅನ್ನೋದು. ಇಲ್ಲ! ಬ್ಯಾಟರಿ ವೋಲ್ಟೇಜ್ ಕುಸಿಯದೆ ಇದ್ರೆ ಹಳೇ ಎರಡೂ ಕವಲು ತಮ್ಮ ಪಾಡಿಗೆ ತಾವಿರ್ತವೆ, ಬ್ಯಾಟರಿಯಿಂದ ಬರೋ ಒಟ್ಟು ಕರೆಂಟೇ ಏರುತ್ತೆ. ಪಾಲು ಮಾಡೋ ಯಜಮಾನ ಯಾರೂ ಸಂಧೀಲಿ ಕೂತಿಲ್ಲ.

ಅಂದ್ಹಾಗೆ ಚಿತ್ರದಲ್ಲಿ ಎರಡು ಗೆರೆ ಅಡ್ಡ ಹಾದ ಮಾತ್ರಕ್ಕೆ ಸಂಧಿ ಆಗಲ್ಲ, ಚುಕ್ಕಿ ಇದೆಯಾ ನೋಡಿ. ಡಯೋಡಿನೊಳಗೆ ಎರಡು ಬಗೆಯ ಅರೆವಾಹಕ ಕೂಡೋ ಜಾಗಕ್ಕೂ ಪಿಎನ್ ಜಂಕ್ಷನ್ ಅಂತಾರೆ, ಅದು ಬೇರೆಯೇ ವಸ್ತು, ಅದನ್ನ ಇಲ್ಲಿಗೆ ಎಳೀಬೇಡಿ.

ಕೊನೇದಾಗಿ, ಎಸಿ (ಅಲೆಯ ಹಾಗೆ ದಿಕ್ಕು ಬದಲಾಯಿಸ್ತಾ ಇರೋ ಕರೆಂಟ್) ಸರ್ಕ್ಯೂಟಲ್ಲಿ ರೆಸಿಸ್ಟರ್ ಕವಲಲ್ಲಿ 3 ಆಂಪ್, ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಬಿಡಿಭಾಗ) ಕವಲಲ್ಲಿ 4, ಒಟ್ಟು ಬರೋ ವೈರಲ್ಲಿ 7ರ ಬದಲು 5 ತೋರಿಸ್ತು ಅಂತ ಮೀಟರ್ ಬಿಸಾಕ್ಬೇಡಿ. ಎರಡೂ ಅಲೆಗಳ ತುದಿ ಒಟ್ಟಿಗೆ ಬರಲ್ಲ, ಮೀಟರ್ ತೋರಿಸೋದು ಆರ್‌ಎಂಎಸ್ ಬೆಲೆ, ಅಂದ್ರೆ ಇಡೀ ಅಲೆಯ ಒಂಥರಾ ಸರಾಸರಿ. ಒಂದೊಂದು ಕ್ಷಣವನ್ನೂ ಹಿಡಿದು ನಿಲ್ಲಿಸಿ ಕೂಡಿದ್ರೆ ಲೆಕ್ಕ ಚುಕ್ತಾ.