ಯುದ್ಧ ನಡೆಯುತ್ತಿರುವಾಗ ಅಧ್ಯಕ್ಷರನ್ನು ಪ್ರಶ್ನಿಸಬಾರದೇ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮ ಮನೆಯಲ್ಲಿ, ಗೆಳೆಯರ ನಡುವೆ ಜಗಳವೂ ಬಂತು. ಎಲ್ಲಿಗೆ ಸೈನ್ಯ ಕಳಿಸಬೇಕು, ಯಾವ ದೇಶದ ಜೊತೆ ಹೇಗಿರಬೇಕು ಎಂದು ಶುರುವಾದ ಮಾತು ಹತ್ತು ನಿಮಿಷದಲ್ಲಿ ‘ನಿನಗೆ ಈ ದೇಶದ ಮೇಲೆ ಅಭಿಮಾನ ಇದೆಯೋ ಇಲ್ಲವೋ’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹೀಗೇಕೆ? ಸೈನಿಕರು ರಣರಂಗದಲ್ಲಿರುವಾಗ ಅಧ್ಯಕ್ಷರನ್ನು ಟೀಕಿಸುವುದು ನಿಜವಾಗಿಯೂ ತಪ್ಪೇ?

ಈ ಪ್ರಶ್ನೆಯನ್ನು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ಮಕ್ಕಳನ್ನು ಅಲ್ಲಿ ಬಿಟ್ಟು ಇಲ್ಲಿ ಟಿವಿ ಮುಂದೆ ಕೂತು ಅಲ್ಲಿನ ಸುದ್ದಿ ನೋಡುವ ತಂದೆತಾಯಿಯರೂ ಕೇಳುತ್ತಾರೆ. ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಸೈನಿಕರು ರಣರಂಗದಲ್ಲಿರುವಾಗಲೇ ಕೇಳಬೇಕಾದ ಪ್ರಶ್ನೆಗಳಿವೆ. ಅವರು ಪೆಟ್ಟಿಗೆಯಲ್ಲಿ ವಾಪಸು ಬಂದ ಮೇಲೆ ಕೇಳಿದರೆ ಯಾರಿಗೆ ಉಪಯೋಗ?

ಇನ್ನು ‘ಹೀಗೇಕೆ’ ಎಂಬುದು. ಇದರ ಬೇರು ಆ ಹುದ್ದೆಯಲ್ಲೇ ಇದೆ. ನಮ್ಮಲ್ಲಿ ಎರಡು ಕುರ್ಚಿಗಳಿವೆ. ಸಂವಿಧಾನದ ಪ್ರಕಾರ ಸೇನೆಯ ಅತ್ಯುನ್ನತ ದಂಡನಾಯಕರು ರಾಷ್ಟ್ರಪತಿ, ಜನವರಿ 26ರಂದು ವಂದನೆ ಸ್ವೀಕರಿಸುವವರೂ ಅವರೇ. ದಿನನಿತ್ಯದ ಸರ್ಕಾರ, ಪಕ್ಷ, ಓಟು, ಬೈಗುಳ ಎಲ್ಲ ಪ್ರಧಾನಿಯ ಪಾಲು. ಪ್ರಧಾನಿಯನ್ನು ಬೈದರೆ ದೇಶವನ್ನೇ ಬೈದಂತೆ ಎನ್ನುವವರು ನಮ್ಮಲ್ಲೂ ಇದ್ದಾರೆ, ಆದರೆ ಎರಡನ್ನೂ ಬೇರೆ ಮಾಡಿ ನೋಡಲು ವ್ಯವಸ್ಥೆಯಲ್ಲೇ ಒಂದು ಗೆರೆ ಇದೆ. ಅಮೆರಿಕದಲ್ಲಿ ಆ ಗೆರೆ ಇಲ್ಲ. ದೇಶದ ಘನತೆ, ಸೇನೆಯ ದಂಡನಾಯಕತ್ವ, ಆಡಳಿತ, ಪಕ್ಷದ ಮುಂದಾಳತ್ವ, ಎಲ್ಲವೂ ಒಬ್ಬರದೇ ಮೈಮೇಲೆ. ಅವರು ಎರಡನೆಯ ಅವಧಿಗೆ ಸ್ಪರ್ಧಿಸುವಾಗ ಓಟು ಕೇಳುವ ಪುಢಾರಿಯೂ ಅವರೇ, ಯುದ್ಧ ನಡೆಸುವ ದಂಡನಾಯಕರೂ ಅವರೇ. ಎದುರಾಳಿ ಒಬ್ಬರಿಗೆ ಗುರಿಯಿಟ್ಟರೆ ಏಟು ಇನ್ನೊಬ್ಬರಿಗೂ ತಾಗುತ್ತದೆ. ತಾಗಿದೆ ಎಂದು ತೋರಿಸಿಕೊಳ್ಳುವುದು ಅಧಿಕಾರದಲ್ಲಿ ಇರುವವರಿಗೆ ಬಹಳ ಸುಲಭ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು 2004ರ ಚುನಾವಣೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇರಾಕ್ ಯುದ್ಧ ಶುರುವಾಗಿ ಒಂದೂವರೆ ವರ್ಷವಾಗಿತ್ತು. ಒಂದು ಕಡೆ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಜಾರ್ಜ್ ಬುಷ್, ಇನ್ನೊಂದು ಕಡೆ ಡೆಮಾಕ್ರಟಿಕ್ ಪಕ್ಷದಿಂದ ಮ್ಯಾಸಚೂಸೆಟ್ಸ್‌ನ ಸೆನೆಟರ್, ಎಂದರೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯ, ಜಾನ್ ಕೆರ್ರಿ.

ಕೆರ್ರಿ ವಿಯೆಟ್ನಾಮಿನಲ್ಲಿ ಹೋರಾಡಿದವರು. ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿ ‘ಸ್ವಿಫ್ಟ್ ಬೋಟ್’ ಎಂದು ಕರೆಯುತ್ತಿದ್ದ ಗಸ್ತು ದೋಣಿಯೊಂದರ ಹೊಣೆ ಹೊತ್ತಿದ್ದರು. ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಒಂದು ಸಿಲ್ವರ್ ಸ್ಟಾರ್, ಒಂದು ಬ್ರಾಂಜ್ ಸ್ಟಾರ್, ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಮೂರು. ಊರಿಗೆ ಮರಳಿ ಅವರು ಸುಮ್ಮನೆ ಕೂರಲಿಲ್ಲ. 1971ರ ಏಪ್ರಿಲ್ 22ರಂದು, 27ರ ಹರೆಯದಲ್ಲಿ, ಹಸಿರು ಸಮವಸ್ತ್ರದಲ್ಲೇ ಸೆನೆಟ್‌ನ ವಿದೇಶಾಂಗ ಸಮಿತಿಯ ಮುಂದೆ ಕೂತು ಒಂದು ಪ್ರಶ್ನೆ ಕೇಳಿದರು. ತಪ್ಪೊಂದಕ್ಕಾಗಿ ಸಾಯುವ ಕಟ್ಟಕಡೆಯ ಮನುಷ್ಯ ನೀನಾಗು ಎಂದು ಯಾರನ್ನಾದರೂ ಹೇಗೆ ಕೇಳುತ್ತೀರಿ? ಮರುದಿನ ನೂರಾರು ಮಾಜಿ ಸೈನಿಕರು ಸಂಸತ್ ಭವನದ ಮೆಟ್ಟಿಲ ಮುಂದೆ ಕಟ್ಟಿದ್ದ ಬೇಲಿಯಾಚೆಗೆ ತಮ್ಮ ಪದಕಗಳನ್ನು ಎಸೆದರು. ಕೆರ್ರಿ ತಮ್ಮ ಪದಕಗಳ ರಿಬ್ಬನ್ ಪಟ್ಟಿಗಳನ್ನು ಎಸೆದರು.

ಮೂವತ್ತಮೂರು ವರ್ಷಗಳ ನಂತರ ಆ ಎಸೆತವೇ ತಿರುಗಿ ಬಂತು. 2004ರ ಆಗಸ್ಟ್‌ನಲ್ಲಿ, ತಾವೂ ಸ್ವಿಫ್ಟ್ ಬೋಟ್‌ಗಳಲ್ಲಿ ಇದ್ದವರೆಂದು ಹೇಳಿಕೊಂಡ ಮಾಜಿ ಯೋಧರ ಗುಂಪೊಂದು ಮೂರು ರಾಜ್ಯಗಳಲ್ಲಿ ಜಾಹೀರಾತು ಬಿಟ್ಟಿತು. ಕೆರ್ರಿ ತಮ್ಮ ಶೌರ್ಯದ ಬಗ್ಗೆ ಸುಳ್ಳು ಹೇಳಿದ್ದಾರೆ ಎಂಬುದು ಅದರ ಸಾರ. ಕೆರ್ರಿಯವರ ಸ್ವಂತ ದೋಣಿಯಲ್ಲಿದ್ದವರಲ್ಲಿ ಬಹುತೇಕರು ಅವರ ಪರ ನಿಂತರು. 1969ರ ಮಾರ್ಚ್ 13ರಂದು ಸ್ಫೋಟಕ್ಕೆ ಸಿಕ್ಕಿ ನೀರಿಗೆ ಬಿದ್ದಿದ್ದ ಸೈನಿಕನೊಬ್ಬನನ್ನು ಕೆರ್ರಿ ದೋಣಿಗೆ ಎಳೆದುಕೊಂಡಿದ್ದರು. ರಿಪಬ್ಲಿಕನ್ ಆಗಿದ್ದ ಆತನೇ ಎದ್ದು ನಿಂತು, ನನ್ನ ಜೀವ ಉಳಿಸಿದ್ದು ಇವರೇ ಎಂದ. ವಿಯೆಟ್ನಾಮಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಆ ಜಾಹೀರಾತನ್ನು ಅಪ್ರಾಮಾಣಿಕ ಎಂದು ಕರೆದರು. ಆದರೆ ಆರೋಪ ಊರು ಸುತ್ತಿ ಬರುವಷ್ಟರಲ್ಲಿ ಸಮಜಾಯಿಷಿ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್‌ನಲ್ಲಿ ರಿಪಬ್ಲಿಕನ್ ಮಹಾಧಿವೇಶನ ಸೇರಿದಾಗ ಕೆಲವು ಪ್ರತಿನಿಧಿಗಳು ಗಲ್ಲಕ್ಕೆ, ಕೈಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿಕೊಂಡು ಬಂದರು. ಅದರ ಮೇಲೆ ನೇರಳೆ ಬಣ್ಣದ ಪುಟ್ಟ ಹೃದಯ. ಕೆರ್ರಿಯ ಗಾಯಗಳು ಗಾಯಗಳೇ ಅಲ್ಲ ಎಂಬ ಅಣಕ. ಪರ್ಪಲ್ ಹಾರ್ಟ್ ಪದಕದ ಮೇಲಿರುವುದು ಜಾರ್ಜ್ ವಾಷಿಂಗ್ಟನ್ ಅವರ ಮುಖ. ಅದೇ ಹೊತ್ತಿಗೆ ಇರಾಕಿನಲ್ಲಿ ಗಾಯಗೊಂಡ ಹುಡುಗರಿಗೆ ಆಸ್ಪತ್ರೆಯ ಹಾಸಿಗೆಗಳಲ್ಲಿ ಅದೇ ಪದಕವನ್ನು ಕೊಡಲಾಗುತ್ತಿತ್ತು. ಸೈನಿಕರ ಗೌರವದ ಹೆಸರಿನಲ್ಲಿ ಸೈನಿಕರ ಗಾಯವನ್ನೇ ಅಣಕಿಸಿದ ಆ ಚಿತ್ರ ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಡೆಮಾಕ್ರಟರ ಕೈಯೂ ಶುದ್ಧವಾಗಿರಲಿಲ್ಲ. ಬುಷ್ ವಿಯೆಟ್ನಾಮಿಗೆ ಹೋಗದೆ ಟೆಕ್ಸಾಸ್‌ನ ವಾಯು ರಾಷ್ಟ್ರೀಯ ರಕ್ಷಣಾ ದಳ ಎಂಬ ಮೀಸಲು ಪಡೆಯಲ್ಲಿ ಉಳಿದದ್ದನ್ನು ಎತ್ತಿ ಆಡಿದರು. ಸೆಪ್ಟೆಂಬರ್‌ನಲ್ಲಿ ಆ ಬಗ್ಗೆ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ ದಾಖಲೆಗಳು ಅಸಲಿ ಎಂದು ಸಾಬೀತಾಗದೆ ವಾಹಿನಿಯೇ ಕ್ಷಮೆ ಕೇಳಬೇಕಾಯಿತು. ಹೀಗೆ ಇರಾಕಿನಲ್ಲಿ ನಡೆಯುತ್ತಿದ್ದ ಯುದ್ಧ ಬಿಟ್ಟು ಇಡೀ ದೇಶ ಮೂವತ್ತೈದು ವರ್ಷ ಹಿಂದಿನ ಯುದ್ಧದಲ್ಲಿ ಯಾರು ಎಲ್ಲಿದ್ದರು ಎಂದು ಕಿತ್ತಾಡಿತು.

ಎರಡನೆಯ ಪ್ರಸಂಗ ಹಣದ್ದು. 2003ರ ಶರತ್ಕಾಲದಲ್ಲಿ ಬುಷ್ ಇರಾಕ್ ಮತ್ತು ಅಫ್ಘಾನಿಸ್ತಾನಕ್ಕಾಗಿ 87 ಬಿಲಿಯನ್ ಡಾಲರ್ ಕೇಳಿದರು. ಕೊಡೋಣ, ಆದರೆ ಸಾಲ ಮಾಡಿ ಬೇಡ, ಅತಿ ಶ್ರೀಮಂತರಿಗೆ ಕೊಟ್ಟ ತೆರಿಗೆ ವಿನಾಯಿತಿಯನ್ನು ಕಡಿತ ಮಾಡಿ ಹೊಂದಿಸೋಣ ಎಂಬ ತಿದ್ದುಪಡಿಗೆ ಕೆರ್ರಿ ಓಟು ಹಾಕಿದರು. ತಿದ್ದುಪಡಿ ಬಿದ್ದುಹೋಯಿತು. ಅಂತಿಮ ಮಸೂದೆಗೆ ಅವರು ವಿರುದ್ಧ ಓಟು ಹಾಕಿದರು. ಸೆನೆಟ್‌ನಲ್ಲಿ ಆ ದಿನ ವಿರುದ್ಧ ನಿಂತವರು 12 ಮಂದಿ. ಯುದ್ಧದ ಖರ್ಚನ್ನು ಯಾರು ಹೊರಬೇಕು ಎನ್ನುವುದು ಸಂಸತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆ. ಆದರೆ 2004ರ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಅದನ್ನು ವಿವರಿಸಲು ಹೋಗಿ ಕೆರ್ರಿ, ‘ವಿರುದ್ಧ ಓಟು ಹಾಕುವ ಮೊದಲು ನಾನು ಪರವಾಗಿ ಓಟು ಹಾಕಿದ್ದೆ’ ಎಂದುಬಿಟ್ಟರು. ಎದುರಾಳಿಗಳ ಕೈಗೆ ಅವರೇ ಇಟ್ಟ ಕೋಲು. ಗಾಳಿ ಬಂದ ಕಡೆ ತಿರುಗುವವರು, ನಮ್ಮ ಹುಡುಗರಿಗೆ ಗುಂಡುನಿರೋಧಕ ಕವಚ ಬೇಡವೆಂದವರು ಎಂಬ ಮಾತು ನವೆಂಬರ್‌ವರೆಗೂ ಅವರ ಬೆನ್ನು ಬಿಡಲಿಲ್ಲ. ತೆರಿಗೆಯ ಮಾತು ಎಲ್ಲಿಗೆ ಹೋಯಿತೋ ಹೋಯಿತು.

ಕೆರ್ರಿಯವರ ಮೇಲೆ ನನಗೊಂದು ತಕರಾರಿದೆ. ‘ನೀನು ದೇಶಭಕ್ತನೇ’ ಎಂಬ ಪ್ರಶ್ನೆಗೆ ಅವರು ಪದಕ ತೋರಿಸಿ ಉತ್ತರ ಕೊಟ್ಟರು. ಬಾಸ್ಟನ್‌ನಲ್ಲಿ ನಡೆದ ತಮ್ಮ ಪಕ್ಷದ ಅಧಿವೇಶನದಲ್ಲಿ ಸೆಲ್ಯೂಟ್ ಹೊಡೆದು, ಕರ್ತವ್ಯಕ್ಕೆ ಹಾಜರಾಗಿದ್ದೇನೆ ಎಂದರು. ಆ ಪ್ರಶ್ನೆಯೇ ತಪ್ಪು ಎಂದು ಹೇಳಲಿಲ್ಲ. 2002ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಗೆ ತಿಂಗಳೂ ಇಲ್ಲದಿದ್ದಾಗ, ಇರಾಕಿನ ಮೇಲೆ ಬಲ ಪ್ರಯೋಗಕ್ಕೆ ಅನುಮತಿ ಕೊಡುವ ನಿರ್ಣಯ ಸೆನೆಟ್‌ನಲ್ಲಿ 77–23ರಿಂದ ಪಾಸಾಗಿತ್ತು. ಕೆರ್ರಿ ಪರವಾಗಿದ್ದರು. ಆ ತಿಂಗಳು ಬೇಡ ಎನ್ನಲು ಎಷ್ಟು ಧೈರ್ಯ ಬೇಕಿತ್ತು ಎನ್ನುವುದಕ್ಕೆ ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೆಲೆಂಡ್ ಅವರನ್ನು ನೋಡಿದರೆ ಸಾಕು. ವಿಯೆಟ್ನಾಮಿನಲ್ಲಿ ಎರಡೂ ಕಾಲು, ಬಲಗೈ ಕಳೆದುಕೊಂಡವರು. ಇರಾಕ್ ನಿರ್ಣಯಕ್ಕೆ ಅವರೂ ಹೂಂ ಎಂದಿದ್ದರು. ಆದರೂ ಹೊಸ ಆಂತರಿಕ ಭದ್ರತಾ ಇಲಾಖೆಯ ನೌಕರರ ಹಕ್ಕುಗಳ ವಿಚಾರದಲ್ಲಿ ಅಧ್ಯಕ್ಷರ ಮಾತಿಗೆ ಒಪ್ಪಲಿಲ್ಲವೆಂದು, ಒಸಾಮಾ ಬಿನ್ ಲಾಡೆನ್ ಮತ್ತು ಸದ್ದಾಂ ಹುಸೇನರ ಮುಖಗಳಿದ್ದ ಜಾಹೀರಾತು ಅವರ ವಿರುದ್ಧ ಬಂತು. ಅವರು ಸೋತರು. ಮೂರು ಅಂಗ ಕೊಟ್ಟವರಿಗೇ ಹೀಗಾದರೆ ಉಳಿದವರ ಬಾಯಿ ಹೇಗೆ ತೆರೆಯಬೇಕು?

2004ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಅಂಚಿನಲ್ಲಿ ನಿಂತಿದ್ದ ಕೆರ್ರಿಯನ್ನು ಸುದ್ದಿಗಾರರು ಕೇಳಿದರು: ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲಿಲ್ಲವಲ್ಲ, ಈಗ ಗೊತ್ತಿರುವುದು ಆಗಲೇ ಗೊತ್ತಿದ್ದರೂ ಓಟು ಹಾಕುತ್ತಿದ್ದಿರಾ? ಹೌದು, ಅಧ್ಯಕ್ಷರಿಗೆ ಆ ಅಧಿಕಾರ ಇರಬೇಕು ಎಂದರು. 1971ರಲ್ಲಿ ಆ ಪ್ರಶ್ನೆ ಕೇಳಿದ ಯುವಕ ಕೊಡುವ ಉತ್ತರ ಅದಲ್ಲ. ದೇಶಭಕ್ತಿಯ ಪರೀಕ್ಷೆ ಮನುಷ್ಯನ ಬಾಯಿ ಕಟ್ಟುವುದು ಹೀಗೆ ಎಂದೇ ನಾನು ಓದಿಕೊಂಡಿದ್ದೇನೆ. ‘ತಪ್ಪಾದ ಯುದ್ಧ, ತಪ್ಪಾದ ಜಾಗ, ತಪ್ಪಾದ ಸಮಯ’ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ ಸಾವಿರದ ಹತ್ತಿರಕ್ಕೆ ಬಂದಿತ್ತು.

ಸೆಪ್ಟೆಂಬರ್ 30ರಂದು ಫ್ಲೋರಿಡಾದಲ್ಲಿ ಇಬ್ಬರ ಮೊದಲ ಮುಖಾಮುಖಿ ಚರ್ಚೆ. ಮುಂಚಿತವಾಗಿ ದಾಳಿ ಮಾಡುವ ಹಕ್ಕು ಅಧ್ಯಕ್ಷರಿಗಿದೆ, ಆದರೆ ಅದಕ್ಕೆ ನ್ಯಾಯವಾದ ಕಾರಣವಿತ್ತು ಎಂದು ನಮ್ಮ ಜನಕ್ಕೂ ಜಗತ್ತಿಗೂ ತೋರಿಸುವಂತಿರಬೇಕು ಎಂದರು ಕೆರ್ರಿ. ಅವರು ಬಳಸಿದ ಪದ ‘ಗ್ಲೋಬಲ್ ಟೆಸ್ಟ್’, ಎಂದರೆ ಜಾಗತಿಕ ಪರೀಕ್ಷೆ. ಮರುದಿನದಿಂದ ಅದು, ಅಮೆರಿಕವನ್ನು ಕಾಪಾಡಲು ಪರದೇಶಗಳ ಅಪ್ಪಣೆ ಕೇಳುತ್ತಾರಂತೆ ಎಂದಾಯಿತು. ಒಂದು ವಾರ ಕಳೆಯುವುದರೊಳಗೆ, ಅಕ್ಟೋಬರ್ 6ರಂದು, ಸರ್ಕಾರದ್ದೇ ತನಿಖಾ ತಂಡದ ವರದಿ ಹೊರಬಂತು: ದಾಳಿಯ ಹೊತ್ತಿಗೆ ಇರಾಕಿನ ಬಳಿ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ. ಯುದ್ಧದ ಮುಖ್ಯ ಕಾರಣವೇ ಕುಸಿದುಬಿದ್ದಿತ್ತು. ಮತದಾನಕ್ಕೆ ನಾಲ್ಕು ವಾರವೂ ಇರಲಿಲ್ಲ. ಅಲ್ಲಿ ಗೆಲುವು ನಿರ್ಧಾರವಾಗುವುದು ರಾಜ್ಯವಾರು ಲೆಕ್ಕ ಹಾಕುವ ಎಲೆಕ್ಟೋರಲ್ ಮತಗಳಿಂದ. ನವೆಂಬರ್ 2ರಂದು ಬುಷ್ 286 ಎಲೆಕ್ಟೋರಲ್ ಮತ ಪಡೆದು ಗೆದ್ದರು, ಕೆರ್ರಿಗೆ 251. ಒಹಾಯೊ ಒಂದೇ ರಾಜ್ಯ ಅತ್ತ ಇತ್ತ ಆಗಿದ್ದರೆ ಫಲಿತಾಂಶ ಬದಲಾಗುತ್ತಿತ್ತು. ಅಲ್ಲಿನ ಅಂತರ ಸುಮಾರು 1,18,000 ಓಟು.

ಬುಷ್‌ಗೆ ಓಟು ಹಾಕಿದವರೆಲ್ಲ ಮೋಸ ಹೋದವರು ಎಂದು ನಾನು ಹೇಳುತ್ತಿಲ್ಲ. 2001ರ ಸೆಪ್ಟೆಂಬರ್ 11ರಂದು ಸುಮಾರು ಮೂರು ಸಾವಿರ ಜನ ಒಂದೇ ಬೆಳಿಗ್ಗೆ ಸತ್ತಿದ್ದರು. ಆ ಭಯ ನಿಜ. ಮಗ ಬಾಗ್ದಾದಿನಲ್ಲಿರುವ ತಾಯಿಗೆ, ಇದು ತಪ್ಪಾದ ಯುದ್ಧ ಎಂದು ಟಿವಿಯಲ್ಲಿ ಕೇಳಿಸಿಕೊಳ್ಳುವುದು ಎದೆಗೆ ಚುಚ್ಚಿದಂತೆ. ನಮ್ಮೊಳಗೆ ಬಿರುಕಿದೆ ಎಂದು ಶತ್ರು ಹಿಗ್ಗುತ್ತಾನೆ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ. ಈ ವಾದ ಮಾಡುವವರು ‘ರಾಜಕೀಯ ನೀರಿನಂಚಿಗೆ ನಿಲ್ಲಬೇಕು’ ಎಂಬ ಹಳೆಯ ಮಾತನ್ನು ತರುತ್ತಾರೆ, ಅಂದರೆ ದೇಶದ ಗಡಿ ದಾಟಿದ ಮೇಲೆ ಪಕ್ಷಭೇದ ಬೇಡ. ಆ ಮಾತು ಸೆನೆಟರ್ ಆರ್ಥರ್ ವ್ಯಾಂಡನ್‌ಬರ್ಗ್ ಅವರ ಹೆಸರಿಗೆ ಅಂಟಿಕೊಂಡಿದೆ. ರಿಪಬ್ಲಿಕನ್ ಆಗಿದ್ದೂ ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್ ಜೊತೆ ಕೈಜೋಡಿಸಿದವರು ಅವರು. ಆದರೆ ಒಮ್ಮತವೆಂದರೆ ಚರ್ಚೆ ಬಿಟ್ಟುಕೊಡುವುದಲ್ಲ, ಮುಕ್ತವಾಗಿ ಚರ್ಚಿಸಿದರೆ ಮಾತ್ರ ಒಮ್ಮತ ಹುಟ್ಟುತ್ತದೆ ಎಂದು ಬರೆದವರೂ ಅವರೇ. ಆ ಅರ್ಧವನ್ನು ಯಾರೂ ನೆನೆಯುವುದಿಲ್ಲ. 1918ರ ಮೇ ತಿಂಗಳಲ್ಲಿ, ತಮ್ಮ ನಾಲ್ವರು ಗಂಡುಮಕ್ಕಳೂ ಸೇನೆಯಲ್ಲಿದ್ದಾಗ, ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪತ್ರಿಕೆಯಲ್ಲಿ ಬರೆದರು: ಅಧ್ಯಕ್ಷರನ್ನು ಟೀಕಿಸಬಾರದು, ಸರಿಯಿರಲಿ ತಪ್ಪಿರಲಿ ಬೆನ್ನಿಗೆ ನಿಲ್ಲಬೇಕು ಎನ್ನುವುದು ಗುಲಾಮಗಿರಿ ಮಾತ್ರವಲ್ಲ, ಜನರಿಗೆ ಬಗೆಯುವ ದ್ರೋಹ. ಅವರು ಯುದ್ಧ ಬೇಡವೆಂದವರಲ್ಲ. ಇನ್ನೂ ಚೆನ್ನಾಗಿ ಯುದ್ಧ ಮಾಡಿ ಎಂದವರು.

ಸತ್ಯಕ್ಕೆ ಎಷ್ಟು ತಡವಾಯಿತು ನೋಡಿ. 2016ರ ಫೆಬ್ರುವರಿಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಆಕಾಂಕ್ಷಿಗಳ ಚರ್ಚಾ ವೇದಿಕೆಯ ಮೇಲೆಯೇ, ಬುಷ್ ಅವರ ತಮ್ಮನ ಎದುರಿನಲ್ಲೇ, ಡೊನಾಲ್ಡ್ ಟ್ರಂಪ್ ಇರಾಕ್ ಯುದ್ಧ ದೊಡ್ಡ ತಪ್ಪು ಎಂದರು. ಸಭೆ ಕೂಗಿ ವಿರೋಧಿಸಿತು. ಒಂದು ವಾರದ ನಂತರ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಅದೇ ರಾಜ್ಯದ ರಿಪಬ್ಲಿಕನ್ ಮತದಾರರು ಟ್ರಂಪ್ ಅವರನ್ನು ಗೆಲ್ಲಿಸಿದರು. ಸೈನಿಕರು ಹೆಚ್ಚಾಗಿರುವ, ಬುಷ್ ಮನೆತನವನ್ನು ಪ್ರೀತಿಸುವ ರಾಜ್ಯ ಅದು. 2004ರಲ್ಲಿ ದ್ರೋಹ ಎನಿಸಿದ ಮಾತು ಹನ್ನೆರಡು ವರ್ಷದಲ್ಲಿ ಅದೇ ಪಕ್ಷದಲ್ಲಿ ಓಟು ತರುವ ಮಾತಾಯಿತು. ನಡುವೆ ಸತ್ತ ಅಮೆರಿಕನ್ ಸೈನಿಕರ ಲೆಕ್ಕ ಸುಮಾರು 4,500ಕ್ಕೆ ಮುಟ್ಟಿತ್ತು. ಸತ್ತ ಇರಾಕಿಗಳು ಅದರ ಎಷ್ಟೋ ಪಟ್ಟು.

ಇನ್ನು ನಿಮ್ಮ ಮನೆಯ ಜಗಳ. ದೇಶದ ಮೇಲಿನ ನಿಷ್ಠೆ ಎಂದರೆ ಯಾರ ಮೇಲಿನ ನಿಷ್ಠೆ ಎಂದು ಅಮೆರಿಕ ಬರೆದೇ ಇಟ್ಟಿದೆ. 2016ರಲ್ಲಿ ಗೆಳೆಯರೊಬ್ಬರು ಅಲ್ಲಿನ ಪೌರತ್ವ ಪಡೆದ ದಿನ ನಾನು ಜೊತೆಗಿದ್ದೆ. ಒಳಗೆ ಹೋಗುವಾಗಲೇ ಗ್ರೀನ್ ಕಾರ್ಡ್ ವಾಪಸು ಕೊಟ್ಟರು. ಕುರ್ಚಿಯ ಮೇಲೆ ಅಂಗೈಯಗಲದ ಬಾವುಟ, ಒಂದು ಲಕೋಟೆ, ಪ್ರತಿಜ್ಞೆಯ ಹಾಳೆ. ಎಲ್ಲರೂ ಬಲಗೈ ಎತ್ತಿ ಓದಿದರು: ಪರದೇಶದ ಎಲ್ಲ ನಿಷ್ಠೆಯನ್ನು ತೊರೆಯುತ್ತೇನೆ, ಅಮೆರಿಕದ ಸಂವಿಧಾನವನ್ನೂ ಕಾನೂನನ್ನೂ ಹೊರಗಿನ, ಒಳಗಿನ ಶತ್ರುಗಳಿಂದ ಕಾಪಾಡುತ್ತೇನೆ, ಕಾನೂನು ಕೇಳಿದರೆ ಆಯುಧ ಹಿಡಿಯುತ್ತೇನೆ. ಅಧ್ಯಕ್ಷ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಸಾಮಾನ್ಯ ಸೈನಿಕನ ಪ್ರಮಾಣವಚನದಲ್ಲಿ ಅಧ್ಯಕ್ಷರ ಆಜ್ಞೆ ಪಾಲಿಸುತ್ತೇನೆ ಎಂದಿದೆ. ಅದರಲ್ಲೂ ಮೊದಲು ಬರುವುದು ಸಂವಿಧಾನ. ಸೇನಾಧಿಕಾರಿಗಳ ಪ್ರಮಾಣದಲ್ಲಿ ಸಂವಿಧಾನ ಮಾತ್ರ. ಅಧ್ಯಕ್ಷರು ತಾವೇ ಸ್ವೀಕರಿಸುವ ಪ್ರಮಾಣವೂ ಸಂವಿಧಾನವನ್ನು ಕಾಪಾಡುವ ಮಾತೇ. ಆ ಸಂವಿಧಾನ ಯುದ್ಧ ಘೋಷಿಸುವ ಅಧಿಕಾರ ಕೊಟ್ಟಿರುವುದು ಜನರ ಪ್ರತಿನಿಧಿಗಳಿರುವ ಸಂಸತ್ತಿಗೆ, ಎಂದರೆ ವಾದ ಮಾಡಲೆಂದೇ ಸೇರುವ ಸಭೆಗೆ.

ಹಾಗಾಗಿ ಮುಂದಿನ ಸಲ ಮಾತು ‘ನಿನಗೆ ಅಭಿಮಾನ ಇದೆಯಾ’ ಎಂಬಲ್ಲಿಗೆ ಬಂದಾಗ ಉತ್ತರ ಕೊಡಲು ಹೋಗಬೇಡಿ, ಪದಕ ತೋರಿಸಬೇಡಿ. ಎಷ್ಟು ಸೈನಿಕರು, ಎಷ್ಟು ಕಾಲ, ಯಾರ ದುಡ್ಡು, ಗೆದ್ದೆವೆಂದು ಯಾವಾಗ ಗೊತ್ತಾಗುತ್ತದೆ ಎಂದು ಕೇಳಿ. ನಿಮ್ಮ ಕಡೆಯವರೇ ಅಧ್ಯಕ್ಷರಾಗಿರುವಾಗಲೂ ಇದನ್ನೇ ಕೇಳಿ.

ಆ ದಿನ ಹೊರಗೆ ಬಂದಾಗ ಸ್ವಯಂಸೇವಕರು ಮೇಜು ಹಾಕಿಕೊಂಡು ಮತದಾರರ ಅರ್ಜಿ ತುಂಬಿಸುತ್ತಿದ್ದರು. ಗೆಳೆಯರು ಬಾವುಟವನ್ನು ಜೇಬಿಗೆ ಸಿಕ್ಕಿಸಿಕೊಂಡು ನಿಂತೇ ತುಂಬಿದರು. ಕಾರು ಹತ್ತುವಷ್ಟರಲ್ಲಿ ಬಾಮೈದನ ಫೋನು: ‘ಯಾರಿಗೆ ಹಾಕ್ತೀರಾ ಭಾವ?’ ಸಿರಿಯಾ, ಅಫ್ಘಾನಿಸ್ತಾನ, ಇರಾನ್ ಎಂದು ಶುರುವಾದ ವಾಗ್ವಾದ ಮನೆ ತಲುಪಿ ಕಾರು ನಿಂತ ಮೇಲೂ ನಡೆದೇ ಇತ್ತು.